ಗಂಗವ್ವನಿಗೆ ಕೈಮುಗಿದು ಹಾರಿದ ಮಗಳು

ಜಿಲ್ಲಾ ಈಜು ಸ್ಪರ್ಧೆಯ ಆ ದಿನ ಬೆಳಿಗ್ಗೆಯೂ ಎಂದಿನಂತೆ ರೊಟ್ಟಿ ಬಡಿದೆ, ಶೇಂಗಾ ಚಟ್ನಿಗೆ ಮೊಸರು ಕಲಸಿ ಡಬ್ಬಿ ಕಟ್ಟಿದೆ. ಮಗಳ ಈಜುಡುಪು ಕಿಟಕಿಯ ಸರಳಿನ ಮೇಲೆ ಇನ್ನೂ ಹಸಿಯಾಗಿತ್ತು. ಇಸ್ತ್ರಿ ಪೆಟ್ಟಿಗೆ ಹಿಡಿದು ಬಂದ ನನ್ನನ್ನು ಕಂಡು ಅವಳು, "ಮಮ್ಮಿ, ಸುಟ್ಟು ಹೋಗ್ತೈತಿ! ಹೆಂಗೂ ನೀರಾಗ ಇಳಿಯೂದ ಐತಲ್ಲ," ಎಂದು ಕಸಿದುಕೊಂಡಳು.

ಅವರಪ್ಪ ಚಹಾ ಕುಡಿಯುತ್ತ ಮತ್ತೆ ಅದೇ ಮಾತು ತೆಗೆದರು. "ಇವತ್ತ ಮೊದಲ್ನೇದರ ಎರಡನೇದರ ಬಂದು ರಾಜ್ಯಮಟ್ಟಕ್ಕ ಹೋದಿ ಅಂದ್ರ ಈಜು. ಇಲ್ಲಾಂದ್ರ ಬರೂ ವರ್ಷ ಹತ್ತನೇ ಕ್ಲಾಸ, ಬರೇ ಓದು."

ಚಹಾದಲ್ಲಿ ಟೋಸ್ಟು ಅದ್ದಿದ್ದ ಮಗಳು ಎತ್ತುವುದನ್ನೇ ಮರೆತಳು. ಅದು ಮುರಿದು ತಳಕ್ಕೆ ಹೋಯಿತು. ಯಾರೂ ಅದನ್ನು ಅಪಶಕುನವೆಂದು ಬಾಯಿಬಿಟ್ಟು ಹೇಳಲಿಲ್ಲ.

ಅವಳು ಈಜು ಕಲಿತದ್ದು ನಮ್ಮ ಹಳ್ಳಿ ಕನ್ನೊಳ್ಳಿಯ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಅಜ್ಜಿಯ ಹಳೆ ಸೀರೆ ಕಟ್ಟಿಸಿಕೊಂಡು. ಮೇಲೆ ನಿಂತು ಸೀರೆಯ ತುದಿ ಹಿಡಿಯುತ್ತಿದ್ದವರು ಆ ಅಜ್ಜಿಯೇ, ಅಂದರೆ ನನ್ನ ಅತ್ತೆ. ಅವರಿಗೆ ಈಜು ಬರುವುದಿಲ್ಲ, ಸೂಚನೆಗಳು ಮಾತ್ರ ಧಾರಾಳವಾಗಿ ಬರುತ್ತವೆ. ಮೊದಲ ಸೂಚನೆ, ಯಾವ ನೀರಿಗಿಳಿದರೂ ಗಂಗವ್ವನಿಗೆ ಕೈಮುಗಿದು ಕಣ್ಣಿಗೊತ್ತಿಕೊಂಡೇ ಇಳಿಯಬೇಕು. ಮುಂದೆ ಫ್ರೀಸ್ಟೈಲ್ ಸ್ಪರ್ಧೆಗಳಿಗೆ ಹೋಗತೊಡಗಿದ ಮೇಲೂ ಅವಳು ಇದನ್ನು ತಪ್ಪಿಸಿದವಳಲ್ಲ. ಸ್ಪರ್ಧೆಗೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ನೀರಿಗಿಳಿಯುವಾಗಲೇ ಕೈಮುಗಿದುಬಿಡುತ್ತಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಂದು ಅತ್ತೆಯೂ ನಮ್ಮೂರು ಸಿಂದಗಿಯಿಂದ ನನ್ನ, ಮಗಳ ಜೊತೆ ಬಸ್ಸು ಹತ್ತಿದರು. ವಿಜಯಪುರದ ಈಜುಕೊಳವನ್ನು ಅವರು ಕಂಡದ್ದು ಅದೇ ಮೊದಲು.

"ನೀರಿಗೆ ನೀಲಿ ಹಾಕ್ಯಾರಲ್ಲ, ಧೋತರಾ ಅದ್ದವ್ರೇನು ಇವ್ರು?" ಎನ್ನುತ್ತಲೇ ಚೀಲದಿಂದ ಕುಪ್ಪಸದ ಖಣ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣ ಕುಂಕುಮ ತೆಗೆದರು. ಗಂಗವ್ವನಿಗೆ ಉಡಿ ತುಂಬಲು ದಂಡೆಯ ಮೇಲೆ ಕುಳಿತೇಬಿಟ್ಟರು.

ಕೊರಳಲ್ಲಿ ಸೀಟಿಯಿದ್ದ ಅಧಿಕಾರಿ ಓಡಿ ಬಂದರು. "ಏ ಅವ್ವಾರ, ಇದು ಹೊಳಿ ಅಲ್ರಿ! ಏಳ್ರಿ ಮ್ಯಾಲ!"

"ನಾ ಎಲ್ಲಿ ಹೊಳಿ ಅಂದೆ? ನೀರು ಹೌದಲ್ಲೋ?"

"ಔಷಧ ಹಾಕಿದ ನೀರ್ರಿ. ಕುಂಕುಮ ಬಿದ್ರ ಕೆಡ್ತೈತಿ."

"ಔಷಧ ಹಾಕೀರಿ ಅಂದ್ರ ಗಂಗವ್ವಗ ಮೈಯಾಗ ಆರಾಮಿಲ್ಲ. ಹಂಗಾರ ಉಡಿ ತುಂಬಾಕಬೇಕು."

ಅಧಿಕಾರಿ ನನ್ನ ಕಡೆ ನೋಡಿದರು. ನಾನು ತೆಂಗಿನಕಾಯಿಯ ಕಡೆ ನೋಡಿದೆ. ಕೊನೆಗೆ ಮಗಳೇ ಬಂದು ಅಜ್ಜಿಯನ್ನು ರಮಿಸಿ ಎಬ್ಬಿಸುವಷ್ಟರಲ್ಲಿ, ಮೈ ಬಿಸಿ ಮಾಡಿಕೊಳ್ಳುವ ಹೊತ್ತು ಮುಗಿದು ಅವಳ ಹೆಸರು ಕೂಗಿದರು. ಒಣ ಮೈಯಲ್ಲೇ ಹಾರುವ ಕಟ್ಟೆ ಹತ್ತಿದಳು.

ಎಲ್ಲರೂ ಬಾಗಿದರು. ಅವಳ ಕಾಲ್ಬೆರಳು ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದದ್ದು ಕಂಡೆ. ಇನ್ನೂ ಕೈಮುಗಿದಿಲ್ಲವೆಂದು ಕೆಳಗೆ ನೀರು ಕಂಡಾಗಲೇ ಅವಳಿಗೆ ನೆನಪಾಗಿರಬೇಕು. ಹಾರಲು ಸೂಚನೆಯ ಸದ್ದಾಯಿತು, ಉಳಿದವರೆಲ್ಲ ಹಾರಿದರು. ನನ್ನ ಮಗಳು ನೆಟ್ಟಗೆ ನಿಂತು, ಕೈಮುಗಿದು, ಈಜುಕನ್ನಡಕದ ಮೇಲೆಯೇ ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಹಾರಿದಳು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಿರುಚಬಾರದು, ಚಪ್ಪಾಳೆ ತಟ್ಟಬೇಕು ಎಂದು ಕಲಿಸಿದ್ದರು. ಚಪ್ಪಾಳೆ ತಟ್ಟಿ "ಕಮಾನ್, ಕಮಾನ್" ಎಂದೆ.

"ಬಾಜೂಕ ನಿಂತ ನನಗ ಕೇಳವಲ್ದು, ನೀರಾಗ ಇದ್ದಾಕಿಗೆ ಕೇಳ್ತೈತೇನು? ಒದರು!" ಎಂದರು ಅತ್ತೆ.

ಒದರಿದೆ. ಬಾಯಿಂದ ಬಂದದ್ದು ಯಾವ ಭಾಷೆಯೋ ತಿಳಿಯದು, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಕೊಳವನ್ನು ಹಲವು ಸಲ ದಾಟಬೇಕಾದ ದೂರದ ಸ್ಪರ್ಧೆಯಾದದ್ದು ಪುಣ್ಯ. ಕಾಲೂರಲು ನೆಲವೇ ಸಿಗದ ಬಾವಿಯಲ್ಲಿ ಕಲಿತವಳಿಗೆ ದಣಿವು ತಡವಾಗಿ ಬರುತ್ತದೆ. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು. ಕೊನೆಗೆ ಗೋಡೆ ಮುಟ್ಟಿದಾಗ ಅವಳ ಮುಂದೆ ಇದ್ದದ್ದು ಒಬ್ಬಳೇ.

"ನೋಡಿದ್ಯಾ? ಕೈಮುಗದದ್ದಕ್ಕ ಎರಡನೇದು ಬಂದಿ," ಎಂದರು ಅತ್ತೆ.

"ಹೌದು ಆಯಿ, ಇಲ್ಲಾಂದ್ರ ಮೊದಲ್ನೇದು ಬರ್ತಿದ್ದೆ!" ಎಂದಳು ಮೊಮ್ಮಗಳು.

ಸಂಜೆ ಮನೆಗೆ ಬಂದು ಹೇಳಿದಾಗ ಅವರಪ್ಪ ಮೀಸೆ ತಿರುವಿದರು. "ಆತು ಹೋಗು, ಈಜು," ಎಂದು ಒಳಗೆ ಹೋದರು. ಅತ್ತೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ನೆರೆಮನೆಯಾಕೆಗೆ ಇಡೀ ಸ್ಪರ್ಧೆಯನ್ನು ಕೈಬೀಸಿ ತೋರಿಸಿದರು. ಆಕೆ ಸೊಪ್ಪಿನಿಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡು ಅಂದಳು:

"ಹಂಗಾರ ಇನ್ನೊಂದ ವರ್ಷ ಆ ಹುಡುಗಿ ತಲಿ ಒಣಗೂದಿಲ್ಲ ಬಿಡ್ರಿ."