ರಾಯಪುರಂನಲ್ಲಿ ಹೇಳಬೇಕಾಗಿದ್ದ ಮಾತು

ಮೈಸೂರಿನಿಂದ ಐನೂರು ಕಿಲೋಮೀಟರ್ ಓಡಿ ಬಂದ ರೈಲು ಬೆಳಿಗ್ಗೆ ಚೆನ್ನೈ ಸೆಂಟ್ರಲ್ ತಲುಪಿತು. ನಿಲ್ದಾಣದ ಎದುರು ಎರಡು ಇಡ್ಲಿ ತಿಂದು, ಇನ್ನೂರು ಕೇಳಿದ ಆಟೋದವನನ್ನು ನೂರೈವತ್ತಕ್ಕೆ ಒಪ್ಪಿಸಿ ರಾಯಪುರಂ ಕಡೆ ಹೊರಟೆ. ಅಷ್ಟು ಹೊತ್ತಿಗಾಗಲೇ ಬೆವರಿಗೆ ರವಿಕೆ ಬೆನ್ನಿಗಂಟಿತ್ತು.

ನೋಡಬೇಕಾಗಿದ್ದುದು ಸ್ವಾಮಿದಾಸ್ ಮಾಸ್ಟರನ್ನು. ನಮ್ಮ ಚರ್ಚಿನಲ್ಲಿ ಇಪ್ಪತ್ತು ವರ್ಷ ಆರ್ಗನ್ ನುಡಿಸಿದವರು. ನಾಲ್ಕು ವರ್ಷದ ಹಿಂದೆ ಕ್ರಿಸ್ಮಸ್ ಆರಾಧನೆಯಲ್ಲಿ ಅವರ ಬೆರಳು ತಪ್ಪಿತು, ಮಾತು ತೊದಲಿತು, ಮೆಟ್ಟಿಲಲ್ಲಿ ಮುಗ್ಗರಿಸಿದರು. ಕುಡಿದು ಬಂದಿದ್ದಾರೆಂದು ಕಮಿಟಿಯಲ್ಲಿ ಎದ್ದು ನಿಂತು ಹೇಳಿದವಳು ನಾನು. ಅವರು ಇಲ್ಲವೆಂದರೂ ಯಾರೂ ಕಿವಿಗೊಡಲಿಲ್ಲ. ಎಲ್ಲ ಬಿಟ್ಟು ಚೆನ್ನೈಗೆ, ಮಗಳ ಮನೆಗೆ ಹೋದರು.

ಕಳೆದ ವರ್ಷ ನನ್ನ ಗಂಡನಿಗೆ ಸಕ್ಕರೆ ಕಾಯಿಲೆಯ ಔಷಧ ಶುರುವಾಯಿತು. ಒಂದು ಮಧ್ಯಾಹ್ನ ಊಟ ತಡವಾಗಿ ಸಕ್ಕರೆ ಇಳಿದಾಗ ಅವರೂ ಥೇಟ್ ಹಾಗೆಯೇ ತೊದಲಿದರು, ತೂರಾಡಿದರು. ಮಾಸ್ಟರಿಗೂ ಅದೇ ಕಾಯಿಲೆಯಿತ್ತು. ಕಮಿಟಿಯಲ್ಲಿ ಎದ್ದು ನಿಂತ ದಿನವೇ ಅದು ನನಗೆ ಗೊತ್ತಿತ್ತು.

ಆಮೇಲೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮುಂದೆ ಹೋಗಲು ನನಗೆ ಕಾಲು ಬರಲಿಲ್ಲ. ಮೊದಲು ಹೋಗಿ ನೊಂದವನ ಜೊತೆ ಸಮಾಧಾನ ಮಾಡಿಕೋ ಎಂಬ ಯೇಸುಸ್ವಾಮಿಯ ಬೋಧನೆಯನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಆದರೂ ಹೊರಡಲು ಎಂಟು ತಿಂಗಳು ಹಿಡಿಯಿತು.

ಮನೆ ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿ. ಮಾಸ್ಟರೇ ಬಾಗಿಲು ತೆಗೆದರು. ತುಂಬ ಇಳಿದುಹೋಗಿದ್ದರು. "ಸುಶೀಲಮ್ಮ, ನೀವಾ? ಬನ್ನಿ, ಫ್ಯಾನ್ ಕೆಳಗೆ ಕೂತ್ಕೊಳ್ಳಿ" ಎಂದರು.

ನಾನು ನಿಂತೇ ಎಲ್ಲವನ್ನೂ ಹೇಳಿದೆ. "ನನ್ನಿಂದ ತಪ್ಪಾಯ್ತು ಮಾಸ್ಟ್ರೇ. ಕ್ಷಮಿಸಿ."

ಅವರು ಕುರ್ಚಿಯೊಂದನ್ನು ನನ್ನ ಕಡೆ ಎಳೆದರು. "ಕ್ಷಮಿಸಿ ಆಗಿದೆ ಸುಶೀಲಮ್ಮ. ಸುಲಭವಾಗಿ ಆಗ್ಲಿಲ್ಲ, ಎರಡು ವರ್ಷ ಬೇಕಾಯ್ತು. ಆದ್ರೆ ಗ್ರೇಸಿ ಈಗ್ಲೂ ನನ್ನ ಬಟ್ಟೆ ಬೀರು ತೆಗೆದು ಬಾಟ್ಲಿ ಹುಡುಕ್ತಾಳೆ. ಮಗಳೇ ನನ್ನ ನಂಬಲ್ಲ. ಅವಳಿಗೆ ಹೇಳ್ತೀರಾ?"

ಗ್ರೇಸಿ ಪೆರುಂಗುಡಿಯ ಆಫೀಸಿನಿಂದ ಬರುವುದು ಸಂಜೆ ಏಳಕ್ಕೆ. ನನ್ನ ರೈಲು ಮಧ್ಯಾಹ್ನವೇ ಇತ್ತು. ಮಾಸ್ಟರ ಮುಂದೆ ತಲೆ ತಗ್ಗಿಸಲು ಸಿದ್ಧಳಾಗಿ ಬಂದಿದ್ದೆ. ನನ್ನ ಮಗಳ ವಯಸ್ಸಿನವಳ ಮುಂದೆ ಎಂದಾಗ ಮನಸ್ಸು ಹಿಂಜರಿಯಿತು. ಫೋನ್ ಮಾಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇರ್ತೀನಿ" ಎಂದೆ.

ಮಧ್ಯಾಹ್ನ ಮಾಸ್ಟರು ನೆತ್ತಿಲಿ ಮೀನು ಹುರಿದು ರಸಂ ಅನ್ನ ಬಡಿಸಿದರು. ಊಟವಾದ ಮೇಲೆ ಟಿಕೆಟ್ಟನ್ನು ಮರುದಿನಕ್ಕೆ ಬದಲಾಯಿಸಿಕೊಂಡೆ.

"ಆಂಟಿ, ನೀವು ಎಪ್ಪೋ ಬಂದ್ರಿ?" ಎನ್ನುತ್ತಲೇ ಸಂಜೆ ಗ್ರೇಸಿ ಒಳಗೆ ಬಂದಳು. ಹದಿನೈದು ವರ್ಷದ ಚೆನ್ನೈ ವಾಸ ಅವಳ ಕನ್ನಡದೊಳಕ್ಕೆ ತಮಿಳು ಬೆರೆಸಿತ್ತು. ನಾನು ಬೆಳಿಗ್ಗೆ ಹೇಳಿದ್ದನ್ನೇ ಮತ್ತೆ ಹೇಳಿದೆ. ಎರಡನೇ ಸಲ ಇನ್ನೂ ಕಷ್ಟವಾಯಿತು. ಬ್ಯಾಗು ಅವಳ ಹೆಗಲಲ್ಲೇ ಇತ್ತು.

"ನಾಲ್ಕು ವರ್ಷ, ಆಂಟಿ" ಎಂದಳು. ಅಷ್ಟೇ. ಆಮೇಲೆ ಅಪ್ಪನ ಮುಂದೆ ನೆಲದ ಮೇಲೆ ಕುಳಿತು, "ನಾನೂ ನಂಬ್ಬಿಟ್ಟಿದ್ದೆ. ಸಾರಿಪ್ಪಾ" ಎಂದು ಅತ್ತಳು.

"ಏಳು, ಮುಖ ತೊಳ್ಕೊ. ಹಸಿದು ಬಂದಿದೀಯ" ಎಂದರು ಮಾಸ್ಟರು, ತಾವೂ ಕಣ್ಣೊರೆಸಿಕೊಳ್ಳುತ್ತ.

ನಾನು ಬಾಲ್ಕನಿಗೆ ಹೋಗಿ ನಮ್ಮ ಚರ್ಚಿನ ಸಭಾಪಾಲಕರಿಗೆ ಫೋನ್ ಮಾಡಿದೆ. ಭಾನುವಾರ ಸಭೆಯ ಮುಂದೆ ಮಾತಾಡಲು ಎರಡು ನಿಮಿಷ ಬೇಕೆಂದೆ. ಬಂದರಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಎಷ್ಟೋ ತಿಂಗಳ ಮೇಲೆ ಉಸಿರು ಸಲೀಸಾಗಿ ಆಡಿತು.

ಮರುದಿನ ಬೆಳಗಿನ ರೈಲಿಗೆ ಇಬ್ಬರೂ ಬಂದು ಹತ್ತಿಸಿದರು. ರೈಲು ಹೊರಟಾಗ ಹಿಂತಿರುಗಿ ನೋಡಿದೆ. ನನಗೆ ಕೈ ಬೀಸುವುದನ್ನೂ ಮರೆತು ಅಪ್ಪ ಮಗಳು ಏನೋ ಮಾತಿನಲ್ಲಿ ಮುಳುಗಿದ್ದರು.