ಮೇಷ್ಟ್ರು ಕಟ್ಟಿದ ಮಂತ್ರ

ಕಳೆದ ವಾರ ಕಿರಂಗೂರಿನ ನೆಂಟರ ಮನೆಗೆ ಬಾಣಂತಿಯನ್ನು ನೋಡಲು ಹೋಗಿದ್ದೆ. ಕೂಸಿಗೆ ಹೊಗೆ ಹಾಕಲು ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ ಉದುರಿಸಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದ್ದು ಜಗುಲಿಗೆ ಬಂದುಬಿಟ್ಟೆ. ಕೆ.ಆರ್. ಪೇಟೆಯ ನಮ್ಮ ಎದುರುಮನೆಯ ಮೇಷ್ಟ್ರು ನೆನಪಾದರು...

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಮೊದಲು ಬರೆದದ್ದೆಲ್ಲ ಗ್ರಹಗಳ ಕಥೆ. ನೀರೇ ಇಲ್ಲದ ಗ್ರಹಕ್ಕೆ ಹೋಗಿ ಬಾವಿ ತೋಡುವವರ ಕಾದಂಬರಿಯೊಂದನ್ನು ತಿದ್ದಿ ತಿದ್ದಿ ಬರೆದಿದ್ದರು. ಕಾಲೇಜಿಗೆ ಹೋಗುತ್ತಿದ್ದ ನನಗೆ ಅದನ್ನು ಕೊಟ್ಟು, ಎಲ್ಲಿ ನಗುತ್ತಾಳೆ, ಎಲ್ಲಿ ಆಕಳಿಸುತ್ತಾಳೆ ಎಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ವಾರಪತ್ರಿಕೆಯ ಸಂಪಾದಕರು ಅದನ್ನು ಹಿಂದಕ್ಕೆ ಕಳಿಸಿ, ಇದೆಲ್ಲ ಯಾರಿಗೆ ಬೇಕು, ಮಂತ್ರವಾದಿಯ ಕಥೆ ಇದ್ದರೆ ಕೊಡಿ ಎಂದರಂತೆ. ಕಾದಂಬರಿ ಅಟ್ಟ ಸೇರಿ ಗೆದ್ದಲಿಗಾಯಿತು. ಮೇಷ್ಟ್ರು ಕೆಲವು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ಮಂತ್ರವಾದಿಯನ್ನು ಬರೆದೇಬಿಟ್ಟರು.

ಆ ಧಾರಾವಾಹಿ ಅವರನ್ನು ಹೊತ್ತು ಮೆರೆಸಿತು. ನಾಗಮಂಗಲ, ಪಾಂಡವಪುರ, ಎಲ್ಲಿ ಬಸ್ಸಿಳಿದರೂ ಕೈಮುಗಿಯುವವರೇ. ಕಥೆಯ ಮಂತ್ರವಾದಿ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿ, ಮಂತ್ರ ಹೇಳಿ, ಹಾವಿನ ವಿಷ ಇಳಿಸುತ್ತಿದ್ದ. ಆ ಮಂತ್ರವನ್ನು ಮೇಷ್ಟ್ರು ಸ್ನಾನ ಮಾಡುತ್ತ ಕಟ್ಟಿದ್ದು. ನನಗೆ ಹೇಳಿ ನಕ್ಕಿದ್ದರು.

ಹಿಂದಿನ ಬೀದಿಯ ಒಕ್ಕಲು ಮನೆಯ ಸೊಸೆ ಪ್ರತಿ ವಾರ ಆ ಕಥೆಯನ್ನು ಅತ್ತೆಗೆ ಓದಿ ಹೇಳುತ್ತಿದ್ದಳು. ಒಂದು ಸಂಜೆ ಕಬ್ಬಿನ ಗದ್ದೆಯಲ್ಲಿ ಅವಳಿಗೇ ಹಾವು ಕಚ್ಚಿತು. ಅವಳನ್ನು ಹೊತ್ತ ಟ್ರಾಕ್ಟರು ಆಸ್ಪತ್ರೆಯನ್ನು ದಾಟಿಕೊಂಡು ಬಂದು ಮೇಷ್ಟ್ರ ಗೇಟಿನ ಮುಂದೆ ನಿಂತಿತು.

"ಅದು ನಾನು ಕಟ್ಟಿದ ಸುಳ್ಳು ಕಣವ್ವ. ಆಸ್ಪತ್ರೆಗೆ ಕರ್ಕೊಂಡೋಗಿ," ಎಂದರು ಮೇಷ್ಟ್ರು.

ಅತ್ತೆ ಅವರ ಕಾಲು ಹಿಡಿದಳು. "ನಾವೇನ್ ತಪ್ಪು ಮಾಡಿದೀವಿ ಅಂತ ಬಚ್ಚಿಡ್ತೀರಿ ಸ್ವಾಮಿ? ಒಂದ್ಸಲ ಮಂತ್ರ ಏಳ್ಬುಡಿ."

ಹುಡುಗಿಯ ಗಂಡ ಕೊರಳಪಟ್ಟಿ ಹಿಡಿದ. ಹೇಳಿದರೆ ಆಸ್ಪತ್ರೆಗೆ ಹೊರಡುತ್ತಾರಲ್ಲ ಎಂದು ಮೇಷ್ಟ್ರು ಮಂತ್ರ ಹೇಳಿಬಿಟ್ಟರು. ಯಾರೋ ಸಿಪ್ಪೆ ಸುಟ್ಟರು. ಹುಡುಗಿ ಕಣ್ಣು ಬಿಟ್ಟು, ತನ್ನ ಮೆಚ್ಚಿನ ಲೇಖಕರನ್ನು ನೋಡಿ ಸಣ್ಣಗೆ ನಕ್ಕಳು. ವಿಷ ಇಳಿಯಿತೆಂದು ಮನೆಯವರು ಟ್ರಾಕ್ಟರನ್ನು ಮನೆಯ ಕಡೆಗೇ ತಿರುಗಿಸಿದರು. ಆಸ್ಪತ್ರೆ, ಆಸ್ಪತ್ರೆ ಎನ್ನುತ್ತ ಮೇಷ್ಟ್ರು ಬರಿಗಾಲಲ್ಲಿ ಹಿಂದೆ ಓಡಿದರು... ಅವಳು ಬೆಳಗು ಕಾಣಲಿಲ್ಲ.

ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೇ ಮೇಷ್ಟ್ರು ಸಾವಿನ ಮನೆಗೆ ಹೋದರು. ಮಂತ್ರ ಸರಿಯಾಗೇ ಇತ್ತು, ಅವಳ ಆಯಸ್ಸು ಅಷ್ಟೇ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅತ್ತೆ ಹೆಣದ ಪಕ್ಕದಿಂದೆದ್ದು ಬಂದು ಅವರಿಗೆ ಕೈಮುಗಿದಳು.

"ನಿಮ್ ಕೈಲಾದ್ದು ಮಾಡಿದ್ರಿ ಬುಡಿ ಸ್ವಾಮಿ."

ಅದನ್ನು ಕೇಳಿ ಮೇಷ್ಟ್ರು ಅಲ್ಲೇ ಕುಸಿದು ಕೂತರು. ಎಬ್ಬಿಸಿಕೊಂಡು ಬಂದವಳು ನಾನೇ.

ಧಾರಾವಾಹಿ ನಿಲ್ಲಿಸುತ್ತೇನೆಂದು ಸಂಪಾದಕರಲ್ಲಿಗೆ ಹೋದರು. ಹಾವಿನ ಸುದ್ದಿ ಹಬ್ಬಿ ಪತ್ರಿಕೆ ಇನ್ನೂ ಚೆನ್ನಾಗಿ ಓಡುತ್ತಿತ್ತು. ಸಂಪಾದಕರು ಕಾಫಿ ತರಿಸಿ, ನೀವು ಬರೆಯದಿದ್ದರೆ ಬೇಡ, ನಿಮ್ಮ ಹೆಸರಿನಲ್ಲಿ ಬೇರೆಯವರು ಬರೆಯುತ್ತಾರೆ ಎಂದರಂತೆ. ಬರೆಸಿದರು ಕೂಡ. ಕಥೆಯಲ್ಲಿ ಮಂತ್ರಗಳು ಹೆಚ್ಚಾದವು, ಗೇಟಿನ ಮುಂದೆ ಜನ ಹೆಚ್ಚಾದರು. ನಾನು ಬರೆದದ್ದೆಲ್ಲ ಸುಳ್ಳು ಎಂದು ಮೇಷ್ಟ್ರು ಹಲಗೆ ಬರೆಸಿ ತೂಗುಹಾಕಿದರು. ದೊಡ್ಡೋರು ಅಂಗೇ ಅನ್ನದು ಎಂದು ಜನ ಅದರ ಕೆಳಗೇ ಕೂತರು. ಮೇಷ್ಟ್ರು ಮತ್ತೆ ಏನನ್ನೂ ಬರೆಯಲಿಲ್ಲ. ಕೊನೆಕೊನೆಗೆ ಮಾತನ್ನೂ ಬಿಟ್ಟರು. ಬಾಯಿಂದ ಬಿದ್ದದ್ದನ್ನು ಯಾರಾದರೂ ಮಂತ್ರವೆಂದು ಬಾಯಿಪಾಠ ಮಾಡಿಬಿಟ್ಟರೆ ಎಂಬ ಹೆದರಿಕೆ...

ಅವರು ತೀರಿಕೊಂಡು ಬಹಳ ವರ್ಷವಾಯಿತು. ಮನೆಯನ್ನೂ ಕೆಡವಿದ್ದಾರೆ. ಎದುರಿಗೆ ಖಾಲಿ ನಿವೇಶನ, ಹುಲ್ಲು. ಬೆಳಗ್ಗೆ ಬಾಗಿಲು ತೆಗೆದರೆ ಈಗಲೂ ಒಂದು ಕ್ಷಣ ಅವರು ಕಾಣಬೇಕಿತ್ತು ಅನ್ನಿಸುತ್ತದೆ. ಮೊನ್ನೆ ಕಬ್ಬು ಕಡಿಯಲು ಹೊರಟ ಹೆಂಗಸರು ಗಾಡಿ ನಿಲ್ಲಿಸಿ, ಅಲ್ಲಿಯ ಮಣ್ಣನ್ನು ಚಿಟಿಕೆ ತೆಗೆದು ಹಣೆಗಿಟ್ಟುಕೊಳ್ಳುತ್ತಿದ್ದರು. ಹಾವು ಸುಳಿಯುವುದಿಲ್ಲವಂತೆ. ನಾನು ರಸ್ತೆ ದಾಟಿ ಹೋಗಿ, ಮೇಷ್ಟ್ರಿಗೆ ಮಂತ್ರ ಗಿಂತ್ರ ಏನೂ ಬರುತ್ತಿರಲಿಲ್ಲ ಎಂದು ಬಿಡಿಸಿ ಹೇಳಿದೆ. ಹೆಂಗಸರು ತಾಳ್ಮೆಯಿಂದ ಕೇಳಿಸಿಕೊಂಡು, ನನ್ನ ಹಣೆಗೂ ಒಂದಿಷ್ಟು ಹಚ್ಚಿ ಹೋದರು.