ಮುಂಗಡವಾಗಿ ಹೇಳಿದ ಸ್ತೋತ್ರ

ಶನಿವಾರ ಮಧ್ಯಾಹ್ನ ತುಮಕೂರಿನಿಂದ ಪ್ಯಾಸೆಂಜರ್ ರೈಲು ಹಿಡಿದು ನಾನೂ ತಂಗಿ ಸುಗುಣಳೂ ಅಮ್ಮಸಂದ್ರದಲ್ಲಿ ಇಳಿದೆವು. ತೊಂಬತ್ತರ ದಶಕದ ಕೊನೆ. ನಾನೊಂದು ವರ್ಷ ಹೇಳಿದರೆ ಸುಗುಣ ಇನ್ನೊಂದು ಹೇಳುತ್ತಾಳೆ. ಬಿಸಿಲಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಸಿಮೆಂಟ್ ಕಾರ್ಖಾನೆಯ ಚಿಮಣಿಯನ್ನು ಹಿಂದೆ ಬಿಟ್ಟು ತುರುವೇಕೆರೆಯ ಖಾಸಗಿ ಬಸ್ಸಿನಲ್ಲಿ ನಿಂತೇ ಹೋದೆವು. ಟಿಕೆಟ್ ನಾಲ್ಕು ರೂಪಾಯಿಯೋ ಐದೋ.

ಸುಗುಣ ನಮ್ಮ ಪ್ರೊಟೆಸ್ಟೆಂಟ್ ಸಭೆಯ ಗಾಯನ ತಂಡವನ್ನು ನಡೆಸುತ್ತಿದ್ದವಳು. ಆರು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೂ ಆರಾಧನೆಗೆ ಬರುತ್ತಿದ್ದಳು, ತನ್ನ ಬೆಂಚಿನ ತುದಿಯಲ್ಲೇ ಕೂರುತ್ತಿದ್ದಳು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಆಮೆನ್ ಕೂಡ ಇಲ್ಲ. ಮನೆಯಲ್ಲಿ ಮಾತಾಡುತ್ತಿದ್ದಳು, ಸೊಪ್ಪಿನವಳ ಜೊತೆ ಚೌಕಾಸಿ ಮಾಡುತ್ತಿದ್ದಳು. ದೇವರ ಜೊತೆಗಷ್ಟೇ ಮಾತು ಬಿಟ್ಟಿದ್ದಳು.

ಹೀಗೇ ಒಂದು ವರ್ಷ ಕಳೆದಾಗ ಚಿಕ್ಕನಾಯಕನಹಳ್ಳಿ ಕಡೆಯಿಂದ ನಮ್ಮ ದೊಡ್ಡಮ್ಮ ಹೇಳಿ ಕಳಿಸಿದರು: "ಕರ್ಕೊಂಡ್ ಬಾರ್ಲಾ ಅವಳ್ನ. ನಮ್ ಸಭೇಲಿ ಮೂಗ್ರೂ ಹಾಡ್ತಾರೆ." ನನಗೂ ಆಸೆ ಹುಟ್ಟಿತು. ಸುಗುಣ ಒಂದೇ ಬಗೆಯ ಆರಾಧನೆಯಲ್ಲಿ ಬೆಳೆದವಳು. ಬೇರೆಯವರು ದೇವರನ್ನು ಹೇಗೆ ಹೊಗಳುತ್ತಾರೆಂದು ಕಂಡರೆ ಎಲ್ಲಾದರೂ ಒಂದು ಕಡೆ ಗಂಟಲು ಬಿಟ್ಟೀತು. ಆದ್ದರಿಂದ ದಾರಿಯನ್ನು ಬೇಕೆಂದೇ ಸುತ್ತಿಸಿದೆ.

ತುರುವೇಕೆರೆಯಲ್ಲಿ ಸುಗುಣಳ ಗೆಳತಿ ಮರಿಯಮ್ಮನ ಮನೆ. ಆಕೆ ನರ್ಸ್, ಕ್ಯಾಥೊಲಿಕ್. ಸಂಜೆ ಏಳೆಂಟು ಹೆಂಗಸರು ಬಂದು ಚಾಪೆಯ ಮೇಲೆ ಕೂತು ಜಪಮಾಲೆ ಹಿಡಿದರು. ಅದೇ ಮಾತು, ಮತ್ತೆ ಅದೇ ಮಾತು. ಇದನ್ನು ನಮ್ಮ ಕಡೆ ಗಿಣಿಪಾಠ ಎಂದು ನಗುತ್ತಿದ್ದೆವು. ಮರಿಯಮ್ಮ ಒಂದು ಮಾಲೆಯನ್ನು ಸುಗುಣಳ ಕೈಗೆ ಹಾಕಿದಳು.

"ಬಾಯಿ ಬ್ಯಾಡ ಬುಡೇ. ಬೆರಳಾಡ್ಸು, ಸಾಕು. ಇಲ್ಲಿ ಅರ್ಧ ಜನ ಜಪ ಮಾಡ್ತಾ ಮನೇಲಿ ಹುಳ್ಳಿಕಾಳ್ ಬೆಂದ್ವೋ ಇಲ್ವೋ ಅಂತ ಯೋಚ್ನೆ ಮಾಡ್ತಿರ್ತಾರೆ. ದೇವ್ರಿಗೆ ಗೊತ್ತಿಲ್ವಾ?"

"ನೀನೊಬ್ಳೇ ಪರಲೋಕಕ್ಕೆ ಹೋಗವಂತೆ ಬಿಡು!" ಎಂದು ಒಬ್ಬಾಕೆ ಮೂಲೆಯಿಂದ ಕುಟುಕಿದಳು. ಎಲ್ಲರೂ ನಕ್ಕು ಮತ್ತೆ ಜಪಕ್ಕೆ ಮರಳಿದರು. ಸ್ವಂತ ಮಾತು ಬತ್ತಿಹೋದವರಿಗೆ, ನೂರಾರು ನಾಲಗೆಗಳಲ್ಲಿ ಸವೆದು ನುಣುಪಾದ ಮಾತು ಹಿಡಿದುಕೊಳ್ಳಲು ಸಿಗುತ್ತದೆ ಎಂದು ನನಗೆ ಆಗ ತೋರಿತು. ಸುಗುಣಳ ಬೆರಳು ಮಣಿಯಿಂದ ಮಣಿಗೆ ಜರುಗುತ್ತಿತ್ತು. ಹಾಗೆಂದು ಬರೆಯುತ್ತಿದ್ದೇನೆ. ಮಾಲೆ ಬೀಳದಿರಲೆಂದು ಹಿಡಿದಿದ್ದಳೋ ಏನೋ.

ಭಾನುವಾರ ಮೊದಲ ಬಸ್ಸಿಗೆ ತಿಪಟೂರು. ಅಲ್ಲಿನ ಚರ್ಚಿನ ಆರಾಧನೆ ನಮ್ಮೂರಿನದೇ ಅಚ್ಚು: ಗೀತೆಗಳ ಸಂಖ್ಯೆ ಬರೆದ ಹಲಗೆ, ಹಾರ್ಮೋನಿಯಂ, ಏಳುವುದು, ಕೂರುವುದು. ಎರಡನೆಯ ಗೀತೆ ಸುಗುಣ ಮಕ್ಕಳಿಗೆಲ್ಲ ಕಲಿಸಿದ್ದ ಗೀತೆಯೇ. ಅವಳು ಪುಟ ತೆರೆದಳು, ಎಲ್ಲರೊಡನೆ ಎದ್ದಳು, ಎಲ್ಲರೊಡನೆ ಕೂತಳು. ಹೊರಗೆ ಬಂದಾಗ ಪಕ್ಕದ ಬೆಂಚಿನ ಮುದುಕರೊಬ್ಬರು ಕೇಳಿದರು: "ಆಯಮ್ಮ ಹಾಡ್ಲಿಲ್ವಲ್ರೀ?" ವಿಷಯ ಹೇಳಿದೆ. "ಎದ್ದು ನಿಂತ್ರಲ್ಲ, ಅದೇ ಆಯ್ತು ಬುಡಿ. ನಮ್ಮನೆಯವ್ಳು ತೀರ್ಕೊಂಡ್ ವರ್ಷ ನಾನ್ ಏಳ್ತಾನೇ ಇರ್ಲಿಲ್ಲ. ಸಭಾಪಾಲಕ್ರು ಮಂಡಿನೋವು ಅನ್ಕೊಂಡಿದ್ರು."

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು. ಅಲ್ಲಿಯೇ ಇರಬೇಕು ಅವಳು ಹೇಳಿದ್ದು. "ಅಣ್ಣ, ನಾನು ಮುನಿಸ್ಕೊಂಡಿದೀನಿ ಅಂತ ಎಲ್ರೂ ತಿಳ್ಕೊಂಡಿದೀರಿ. ಹೊಗಳಿದ್ರೆ ಸುಳ್ಳಾಗುತ್ತೆ, ಬೈಯೋಕೆ ಮನಸ್ಸಿಲ್ಲ. ಅದಕ್ಕೆ ಅವನ ಮುಂದೆ ಸುಮ್ನೆ ಕೂತ್ಕೊತೀನಿ. ನನ್ ಪ್ರಾರ್ಥನೆ ಈಗ ಅಷ್ಟೇ." ಎದುರಿಗೇ ಊರಿಗೆ ಮರಳುವ ತುಮಕೂರಿನ ಬಸ್ ನಿಂತಿತ್ತು. ನಾವು ಚಿಕ್ಕನಾಯಕನಹಳ್ಳಿ ಕಡೆಯದನ್ನು ಹತ್ತಿದೆವು.

ಹಾಲ್ಕುರಿಕೆಯ ಆಚೆ, ಒಂದು ತೆಂಗಿನ ತೋಟದ ಕೊಬ್ಬರಿ ಮನೆಯೇ ದೊಡ್ಡಮ್ಮನ ಸಭೆ. ಅಟ್ಟದ ತುಂಬ ಸಿಪ್ಪೆ ಸಮೇತ ಕಾಯಿ. ವರ್ಷದ ಹತ್ತಿರ ಹಾಗೆ ಬಿಟ್ಟರೆ ನೀರು ಒಳಗೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು ಉಂಡೆಯಾಗುತ್ತದೆ. ಅಟ್ಟದ ಕೆಳಗೆ ನಲವತ್ತು ಜನ, ಒಂದು ಡೋಲು, ಎರಡು ಕಂಜರ. ವಿಧವೆಯಾದ ದೊಡ್ಡಮ್ಮನಿಗೆ ಬಂಧು ಬಳಗ ಎಂದರೆ ಈ ನಲವತ್ತು ಜನವೇ. ಅವರು ಸುಗುಣಳನ್ನು ತಬ್ಬಿ ಮುಂದಿನ ಚಾಪೆಗೆ ಎಳೆದೊಯ್ದರು.

ಚಪ್ಪಾಳೆಯ ಹಾಡುಗಳು ಮುಗಿದ ಮೇಲೆ, ಮೊಪೆಡ್‌ನಲ್ಲಿ ಬಂದಿದ್ದ ಪಾಸ್ಟರ್ ಎದ್ದು ದೊಡ್ಡಮ್ಮನ ಕಡೆ ಕೈ ತೋರಿದರು. "ಹೋದ್ ವಾರ ಈ ತಾಯಿ ಸಾಕ್ಷಿ ಹೇಳಿದ್ರು, ತಂಗಿ ಮಗಳ ಬಾಯನ್ನ ದೇವ್ರು ತೆರೆದ, ಅವಳು ಹಾಡ್ತಾವ್ಳೆ ಅಂತ. ಚಪ್ಪಾಳೆ ತಟ್ಟಿ ಸ್ತೋತ್ರ ಹೇಳಿದ್ವಿ. ಇವತ್ತು ಆಯಮ್ಮನೇ ಇಲ್ಲಿ ಅವ್ರೆ!"

ನಾನು ದೊಡ್ಡಮ್ಮನ ಕಿವಿಯಲ್ಲಿ ಕೇಳಿದೆ: "ಇವ್ಳು ಎಲ್ಲಿ ಹಾಡಿದ್ಲು ದೊಡ್ಡಮ್ಮ?"

"ಸಿಕ್ತು ಅಂತ ಮೊದ್ಲೇ ಸ್ತೋತ್ರ ಹೇಳಿದ್ರೇ ಸಿಗೋದು ಕಣ್ಲಾ. ಮೊಳಕೆ ನೋಡ್ಕೊಂಡು ಯಾರಾದ್ರೂ ಬಿತ್ತನೆ ಮಾಡ್ತಾರಾ?"

ಆ ಸಭೆಯ ರೂಢಿಯೇ ಅದು. ಬೇಡಿದ್ದು ಕೈಗೆ ಬರುವ ಮೊದಲೇ ಬಂದಿತೆಂದು ಎಲ್ಲರೆದುರು ಸಾರಿ ಸ್ತೋತ್ರ ಹೇಳುವುದೇ ಅಲ್ಲಿ ನಂಬಿಕೆ. ಮಳೆಗೆ ಹೇಳುತ್ತಿದ್ದರು, ಮಂಡಿನೋವಿಗೆ ಹೇಳುತ್ತಿದ್ದರು. ದೊಡ್ಡಮ್ಮ ಸುಗುಣಳಿಗೂ ಹೇಳಿಬಿಟ್ಟಿದ್ದರು. ಅವರ ದನಿ ಗಟ್ಟಿಯಾಗಿತ್ತು. ಕಣ್ಣು ಮಾತ್ರ ಸುಗುಣಳ ಬಾಯಿಯ ಮೇಲೇ ಇತ್ತು. "ಹಾಡವ್ವ, ಕೇಳನಾ ಅಂತ್ಲೇ ಬಂದಿದೀವಿ" ಎಂದಿತು ಹಿಂದಿನಿಂದ ಒಂದು ದನಿ. ಕೆಲವರು ಆಗಲೇ ಸುಗುಣಳನ್ನು ಬಿಟ್ಟು ದೊಡ್ಡಮ್ಮನ ಮುಖವನ್ನೇ ನೋಡತೊಡಗಿದ್ದರು.

ಸುಗುಣ ಅದನ್ನು ನೋಡಿದಳು. ಎದ್ದು ನಿಂತಳು.

ಡೋಲು ಬಡಿಯಿತು, ನಲವತ್ತು ಜನ ಚಪ್ಪಾಳೆಗೆ ಇಳಿದರು. ಅವಳ ಬಾಯಿ ತೆರೆಯಿತು. ಬೆಳಿಗ್ಗೆ ತಿಪಟೂರಿನಲ್ಲಿ ಹಾಡದೆ ಬಿಟ್ಟ ಅದೇ ಗೀತೆ. ತುಟಿಯ ಆಟದಿಂದಲೇ ನನಗೆ ಗೊತ್ತಾಯಿತು. ಉಸಿರು ತೆಗೆದುಕೊಳ್ಳಬೇಕಾದಲ್ಲಿ ತೆಗೆದುಕೊಂಡಳು. ನಾನು ಒಂದು ಮೊಳ ದೂರದಲ್ಲಿದ್ದೆ. ದನಿ ಇರಲಿಲ್ಲ. ಹಿಂದಿನವರು ಹಲ್ಲೆಲೂಯ ಎಂದು ಕೂಗಿದರು. "ಅಟ್ಟದ್ ಮ್ಯಾಲಿನ್ ಕೊಬ್ರಿನೂ ಕುಣೀತಾವೆ ನೋಡ್ರೋ!" ಎಂದ ಡೋಲಿನವನು. ದೊಡ್ಡಮ್ಮ ಮೊಣಕಾಲೂರಿ ಗಳಗಳನೆ ಅತ್ತರು. ಅಂಥ ಸಂತೋಷವನ್ನು ನಾನು ಎರಡನೆಯ ಸಲ ಕಂಡಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.

ಆ ದನಿ ಎಷ್ಟು ಇಂಪಾಗಿತ್ತೆಂದು ದೊಡ್ಡಮ್ಮ ಸಾಯುವವರೆಗೂ ಹೇಳುತ್ತಿದ್ದರು. ಆ ಸಭೆಯ ಇನ್ನಿಬ್ಬರು ಕೂಡ ತಾವು ಕೇಳಿದ್ದಾಗಿ ನನಗೆ ಹೇಳಿದ್ದಾರೆ. ಅಷ್ಟು ಜನ ಕೇಳಿದ್ದು ನನಗೊಬ್ಬನಿಗೆ ಕೇಳಿಸಲಿಲ್ಲವೆಂದರೆ ನನ್ನ ನೆನಪನ್ನೇ ಅನುಮಾನಿಸಬೇಕು. ಎಷ್ಟೋ ಸಲ ಅನುಮಾನಿಸಿದ್ದೇನೆ. ಆದರೆ ಬಸ್ಸಿನಲ್ಲಿ ಅವಳಾಡಿದ ಮಾತು ಇದೆ.

ಸಂಜೆಯ ಬಸ್ಸಿಗೆ ದೊಡ್ಡಮ್ಮ ರಸ್ತೆಯವರೆಗೂ ಬಂದು ಒಂದು ಚೀಲ ಕಾಯಿ ಹತ್ತಿಸಿದರು. ತಿರುವುಗಳಲ್ಲಿ ಅವು ಸೀಟಿನ ಕೆಳಗೆ ಉರುಳಾಡಿದವು. ಉರುಳಿ ಬಂದ ಒಂದನ್ನು ಕಾಲಿನಿಂದ ತಡೆದು ಸುಗುಣ ಹೇಳಿದಳು: "ಆ ಜನದ ಮುಂದೆ ದೊಡ್ಡಮ್ಮ ಸುಳ್ಳಿ ಆಗ್ಬಾರ್ದಲ್ಲ. ಬಾಯಿ ಆಡಿಸ್ದೆ."

"ಹೋಗ್ಲಿ ಬಿಡು. ದೇವರಿಗೆ ಅರ್ಥ ಆಗುತ್ತೆ" ಎಂದೆ.

"ಅವನಿಗೆ ಆಗ್ಬೋದು. ಅವನ ಮುಂದೆ ಸುಳ್ಳಾಡ್ದೆ ಕೂತ್ಕೊಳ್ಳೋದೊಂದು ಉಳಿದಿತ್ತು ಅಣ್ಣ ನಂಗೆ. ಇನ್ನು ಯಾವ ಮುಖ ಇಟ್ಕೊಂಡ್ ಹೋಗಿ ಸುಮ್ನಿರ್ಲಿ?"

ಮುಂದಿನ ಭಾನುವಾರ ನಮ್ಮ ಸಭೆಯಲ್ಲಿ ಅವಳ ಬೆಂಚಿನ ತುದಿ ಖಾಲಿ ಇತ್ತು. ಇವತ್ತಿಗೂ ಖಾಲಿಯೇ. ಆ ಸಂಜೆ ಬಸ್ಸು ಹೊರಟಾಗ ನಾನು ಹಿಂತಿರುಗಿ ನೋಡಿದ್ದೆ. ದೂಳಿನ ನಡುವೆ ದೊಡ್ಡಮ್ಮ ಎರಡೂ ಕೈ ಮೇಲೆತ್ತಿ ಸ್ತೋತ್ರ ಹೇಳುತ್ತಾ ನಿಂತಿದ್ದರು.